ಏಲಂ ನಿಂತ ಮೇಲೂ

"ಅಲ್ಲಿಗೆ ಕಳಿಸಿದರೆ ನಿಮಗೆ ಕಮಿಷನ್ ಎಷ್ಟು ಸಿಗ್ತದೆ ಡಾಕ್ಟ್ರೇ?" ದೇವದಾಸ್ ಬೊಬ್ಬೆ ಹೊಡೆಯಲು ಹೋದ, ಬಂದದ್ದು ಗೊರಗೊರ ಸ್ವರ ಮಾತ್ರ. ಬೋಟುಗಳು ಮೀನು ಇಳಿಸುವ ಮಂಗಳೂರು ದಕ್ಕೆಯಲ್ಲಿ ಮೀನಿನ ಏಲಂ ಕೂಗುವವನು ಅವನು. ಗಂಟಲಿನ ತಜ್ಞರಿಗೆಂದು ಡಾಕ್ಟರ್ ಊರ್ಮಿಳಾ ಬರೆದುಕೊಟ್ಟಿದ್ದ ಚೀಟಿಯನ್ನು ಉಂಡೆ ಮಾಡಿ ಅವರ ಮೇಜಿಗೇ ಎಸೆದ.

"ಏಲಂ ಕೂಗುವವರ ಸ್ವರ ಹೀಗೇ ಮಾರಾಯ್ರೇ. ನನ್ನ ಅಪ್ಪನದ್ದೂ ಹೀಗೇ ಇತ್ತು. ಆ ಸಿರಪ್ ಕೊಡಿ, ಸಾಕು."

"ನಾನೂ ಹಾಗೇ ಅಂದುಕೊಂಡು ಎರಡು ಸಲ ಸಿರಪ್ ಕೊಟ್ಟೆ. ಇನ್ನು ಕೊಡುವುದಿಲ್ಲ."

"ಮತ್ತೆ ನೀವೆಂತ ಡಾಕ್ಟ್ರು? ಕ್ಲಿನಿಕ್ ಮುಚ್ಚಿ ಮನೆಗೆ ಹೋಗಿ!"

ಹೊರಗೆ ಕಾಯುತ್ತಿದ್ದವರು ಇಣುಕಿದರು. ಹೆಂಡತಿ ಲಕ್ಷ್ಮೀ ತೋಳು ಹಿಡಿದಳು, ಅವನು ಕೊಡವಿದ. ಊರ್ಮಿಳಾ ಎದ್ದು ಬಾಗಿಲು ಮುಚ್ಚಿದರು. ತಮ್ಮ ಕುರ್ಚಿಗೆ ಮರಳದೆ ಅವನ ಪಕ್ಕದ ಸ್ಟೂಲನ್ನು ಎಳೆದು ಕುಳಿತರು.

"ಮಳೆಗಾಲಕ್ಕೆ ಬೋಟುಗಳು ನಿಂತು ತಿಂಗಳು ದಾಟಿತು. ದಕ್ಕೆಯಲ್ಲಿ ನಿಮಗೆ ಈಗ ಏಲಂ ಉಂಟಾ?"

"ಎಲ್ಲಿಯ ಏಲಂ?" ದೇವದಾಸ್ ಸಿಡುಕಿದ.

"ಮನೆಯಲ್ಲಿ ಜೋರು ಮಾತಾಡ್ತೀರಾ?"

"ಇವರಾ? ಗಂಜಿಗೆ ಉಪ್ಪು ಬೇಕಾದರೂ ಕೈಸನ್ನೆ," ಎಂದಳು ಲಕ್ಷ್ಮೀ.

"ಹಾಗಾದರೆ ಇಷ್ಟು ದಿನ ಕೂಗದೇ ಇದ್ದರೂ ಸ್ವರ ಯಾಕೆ ಸರಿಯಾಗಲಿಲ್ಲ ದೇವದಾಸರೇ?"

ಬೈಯಲೆಂದೇ ಅವನು ಬಾಯಿ ತೆರೆದ. ಕೈ ತಾನಾಗಿ ಗಂಟಲಿಗೆ ಹೋಯಿತು. ಮೇಜಿನ ಮೇಲಿದ್ದ ಚೀಟಿಯ ಉಂಡೆಯನ್ನು ಎತ್ತಿ ಬಿಡಿಸುತ್ತಾ, ಊರ್ಮಿಳಾರ ಮುಖ ನೋಡದೆ ಕೇಳಿದ:

"ಆ ಡಾಕ್ಟ್ರು ಇವತ್ತೇ ಸಿಗ್ತಾರಾ?"