ಗಂಟಿಲ್ಲದ ಸೀರೆ

ಮುದುಕ ನೇಕಾರ ಮುರಗೆಪ್ಪ, ಶಿವಯೋಗಿಯ ಫೋಟೋ ಸ್ಟುಡಿಯೋದ ಕಟ್ಟೆ ಹತ್ತಿದವನೇ ತನ್ನ ಮೊಬೈಲನ್ನು ಅವನ ಮುಂದಿಟ್ಟ. ತಾನು ನೇಯ್ದ ಸೀರೆಯ ಫೋಟೋ ಕಳಿಸಿದ್ದಕ್ಕೆ ದಿಲ್ಲಿಯ ಕೈಮಗ್ಗದ ಪ್ರದರ್ಶನದವರ ಉತ್ತರ ಅದರಲ್ಲಿತ್ತು. ಓಣಿಯವರೆಲ್ಲ ಓದಿ ಹೇಳಿಯಾಗಿತ್ತು. ಆದರೂ ಫೋಟೋ ಹೊಡೆದವನ ಬಾಯಿಂದಲೇ ಕೇಳಬೇಕಿತ್ತು ಮುದುಕನಿಗೆ. ಫೋಟೋದಲ್ಲಿರುವುದು ಪವರ್‌ಲೂಮಿನ ಸೀರೆ, ಕೈಮಗ್ಗದ್ದೆಂದು ಸುಳ್ಳು ಹೇಳಿದ್ದೀರಿ, ಆಯ್ಕೆ ಮಾಡಲಾಗದು ಎಂದು ಬರೆದಿದ್ದರು.

"ಐವತ್ತ ವರ್ಸ ತೆಗ್ಗಿನ್ಯಾಗ ಕಾಲ ಇಳಿಬಿಟ್ಟ ಮಗ್ಗ ತುಳದೇನಿ," ಎಂದ ಮುರಗೆಪ್ಪ. "ಬನಹಟ್ಟಿಯಾಗ ಒಬ್ರೂ ನನ್ನ ಸುಳ್ಳ ಅಂದಿಲ್ಲ. ಏನಾಗೇತಿ ನೋಡಪಾ."

ಶಿವಯೋಗಿ ಕಂಪ್ಯೂಟರಿನಲ್ಲಿ ಚಿತ್ರ ತೆರೆದು ದೊಡ್ಡದು ಮಾಡಿದ. ಸೀರೆ ಬೆಣ್ಣೆಯ ಹಾಗೆ ನುಣ್ಣಗಿತ್ತು. ಹಾಗೆ ಮಾಡಿದವನು ಅವನೇ. ಮದುಮಗಳ ಮೊಡವೆ ಕಾಣದಿರಲೆಂದು ಕ್ಯಾಮೆರಾದ ಶಾರ್ಪ್‌ನೆಸ್ ತಳಕ್ಕಿಳಿಸಿ, ನುಣುಪು ಮಾಡುವ ಸೆಟ್ಟಿಂಗ್ ಏರಿಸುವುದು ಅವನ ಮದುವೆಮನೆಯ ಚಾಳಿ. ಈ ಸೀರೆಯಲ್ಲಿ ಕಡಿದ ಎಳೆ ಕಟ್ಟಿದ ಸಣ್ಣ ಗಂಟುಗಳು ಕಂಡಾಗ, ಪಾಪ, ದಿಲ್ಲಿಯವರು ಮುದುಕನನ್ನು ನೋಡಿ ನಗಬಾರದೆಂದು ಅದನ್ನೇ ಮಾಡಿದ್ದ. ಅಂಥ ಏರುಪೇರು ನೋಡಿಯೇ ಅವರು ಕೈನೇಯ್ಗೆ ಗುರುತಿಸುತ್ತಾರೆಂಬುದು ಪವರ್‌ಲೂಮಿನ ಸದ್ದಿನಲ್ಲಿ ಬೆಳೆದ ಈ ಜಾಣನಿಗೆ ಹೊಳೆಯಬೇಕಲ್ಲ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ಮುಚ್ಚಿಡದೆ ಎಲ್ಲ ಹೇಳಿಕೊಂಡ. ಗಂಟುಗಳನ್ನು ಕ್ಯಾಮೆರಾ ತನ್ನೊಳಗೇ ಒರೆಸಿ ಆಮೇಲೆ ಚಿತ್ರವನ್ನು ಕಾರ್ಡಿಗೆ ಇಳಿಸಿತ್ತು. ಒರೆಸುವ ಮೊದಲಿನ ಚಿತ್ರ ಉಳಿದಿರಲಿಲ್ಲ.

"ತಪ್ಪ ನಂದ ಐತ್ರಿ ಕಾಕಾ. ಸೀರಿ ತಗೊಂಡ ಬರ್ರಿ, ಮತ್ತೊಂದ ಫೋಟೋ ಹೊಡದ ನಾನ ಪತ್ರಾ ಬರೀತೇನಿ."

ಮುರಗೆಪ್ಪ ಸ್ಟೂಲಿನ ಮೇಲೆ ಕುಳಿತ. "ಎಲ್ಲಿಂದ ತರ್ಲಿ? ಹ್ವಾದ ಸೋಮಾರ ಶಂಕ್ರೆವ್ವಗ ಅದನ್ನ ಉಡಿಸಿ ಮಣ್ಣ ಮಾಡಿದ್ವಿ."

ಮುರಗೆಪ್ಪನ ಹೆಂಡತಿ ತೀರಿಕೊಂಡದ್ದು ಶಿವಯೋಗಿಗೆ ಗೊತ್ತಿತ್ತು. ಅಂದು ಲೋಕಾಪುರದ ಮದುವೆಯೊಂದಕ್ಕೆ ಫೋಟೋ ಹೊಡೆಯಲು ಹೋದವನು ಮಣ್ಣಿಗೆ ಬಂದಿರಲಿಲ್ಲ. ಮುಂದೆ ಮಾತಾಡಿಸಲೂ ಹೋಗಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಮುದುಕನ ಮುಖ ನೋಡಲಾಗಲಿಲ್ಲ.

ಆದರೆ ಮುದುಕ ಬೈಯಲಿಲ್ಲ. ಮಗ್ಗದ ಮೇಲೆ ಎಳೆ ಕಡಿದಾಗಲೆಲ್ಲ ಕಟ್ಟುತ್ತಿದ್ದವಳು ಶಂಕ್ರೆವ್ವ. ತನ್ನ ಕಣ್ಣು ಮಂಜಾದ ಮೇಲೆ ಅವಳು ಹಾಕಿದ ಗಂಟನ್ನು ತಾನು ಬೆರಳಿನಿಂದಲೇ ತಡವಿ ಗುರುತಿಸುತ್ತಿದ್ದೆ ಎಂದ. ದಿಲ್ಲಿ ಹಾಳಾಗಿ ಹೋಗಲಿ, ಈ ಫೋಟೋದಲ್ಲಿ ಅವಳದೊಂದು ಗಂಟು ಉಳಿದಿದ್ದರೆ ಸಾಕು, ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕುತ್ತೇನೆ ಎಂದ.

ಶಿವಯೋಗಿ ಕಂಪ್ಯೂಟರಿನಲ್ಲಿ ಶಾರ್ಪ್‌ನೆಸ್ ಏರಿಸಿದ, ಇನ್ನೂ ಏರಿಸಿದ. ಸೀರೆಯ ಅಂಚಿನುದ್ದಕ್ಕೂ ಬಿಳಿ ಗೆರೆ ಎದ್ದಿತು, ಒಡಲ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು ಬಂದವು. ಗಂಟು ಮಾತ್ರ ಒಂದೂ ಬರಲಿಲ್ಲ.

"ಕಂಡ್ವೇನಪಾ?"

"ಹೂಂರಿ," ಎಂದುಬಿಟ್ಟ ಶಿವಯೋಗಿ. "ಒಂದ ಐತ್ರಿ."

ಮುರಗೆಪ್ಪ ಎದ್ದು ಬಂದು ತೋರುಬೆರಳು ಚಾಚಿದ. "ಎಲ್ಲೈತಿ? ನನ್ನ ಬೆರಳ ಹಿಡದ ಅದರ ಮ್ಯಾಲ ಇಡು."

ಶಿವಯೋಗಿ ಆ ಬೆರಳನ್ನು ಹಿಡಿದುಕೊಂಡು ಪರದೆಯ ಮುಂದೆ ನಿಂತ. ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.