ರೆಕ್ಕೆ ಇರುವೆ

ಸೋಮವಾರ ಬೆಳಿಗ್ಗೆ ಸಾತಪ್ಪ ಮಗ್ಗದ ಮುಂದೆಯೇ ಸತ್ತ. ಹೆಣವನ್ನು ಅಂಗಳಕ್ಕೆ ತಂದು ಹಾಕಿ, ಅವನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ, ಸಾತಪ್ಪ ಅರ್ಧಕ್ಕೆ ಬಿಟ್ಟ ಧೋತರವನ್ನು ಮಧ್ಯಾಹ್ನದೊಳಗೆ ನೇಯಿಸಿ ಮುಗಿಸಿದರು.

ಲಾಳಿಯ ತೂತಿಗೆ ಬಾಯಿ ಇಟ್ಟು, ಉಸಿರು ಜಗ್ಗಿ ನೂಲನ್ನು ಹೊರಗೆ ತೆಗೆಯುವುದು ಇಚಲಕರಂಜಿಯ ಮಗ್ಗದವರೆಲ್ಲರ ರೂಢಿ. ನೂಲು ಮುಗಿದಾಗಲೆಲ್ಲ ಬಾಯಿ ಇಡಬೇಕು. ಅಂದು ಆ ತೂತಿನಲ್ಲಿ ಕಡಜ ಕೂತಿತ್ತು. ನೂಲಿನ ಸಂಗಡ ಬಾಯಿಗೆ ಬಂದು ಗಂಟಲಲ್ಲಿ ಕಡಿಯಿತು. ಗಂಟಲು ಬಾತು ಉಸಿರು ಕಟ್ಟಿತು. ಮಗ್ಗದ ನೆತ್ತಿಯ ಮೇಲಿನ ತೊಲೆಗೆ ಕಡಜ ಗೂಡು ಕಟ್ಟಿದೆಯೆಂದು ಸಾತಪ್ಪನೇ ಮಾಲಕ ಅಣ್ಣಾಸಾಹೇಬರಿಗೆ ಹೇಳಿದ್ದ. ಹತ್ತಿಯ ಧೂಳು ತುಂಬಿದ ಶೆಡ್ಡಿನಲ್ಲಿ ಹೊಗೆ ಹಾಕುವಂತಿಲ್ಲ. ಗೂಡು ಕೀಳಬೇಕಾದರೆ ಮಗ್ಗ ನಿಲ್ಲಿಸಬೇಕು. "ಮಿರಗದ ಮಳಿ ಆತಲ್ಲೋ, ಇರವಿಗೆ ರೆಕ್ಕಿ ಬಂದಾವು. ನಾಕ ದಿನಕ್ಕ ಉದರಸ್ಕೊಂಡ ಹೋಗತಾವು. ನೀ ಕೆಳಗ ನೋಡಿ ನೇಯಿ," ಎಂದು ಅಣ್ಣಾಸಾಹೇಬರು ನಕ್ಕಿದ್ದರು.

ಈಗ ಸಾತಪ್ಪನ ಹೆಂಡತಿ ಫಕೀರವ್ವ ಅದೇ ಗೂಡಿನ ಒಂದು ಹುಳವನ್ನು ಚಹಾದ ಗಾಜಿನ ಲೋಟದಲ್ಲಿ ಹಿಡಿದು ತಂದು, ಮಾಲಕರ ಕಟ್ಟೆಯ ಮೇಲೆ ಬೋರಲು ಇಟ್ಟಿದ್ದಳು. ಸಣ್ಣ ನಡು, ಹಳದಿ ಪಟ್ಟೆ. ಗಾಜಿಗೆ ಬಡಿದು ಬಡಿದು ಗುಂಯ್ಗುಡುತ್ತಿತ್ತು. ಒಳಗೆ ಯಾರೋ ರೇಡಿಯೋದ ದನಿ ಇಳಿಸಿದರು.

"ಕಾಯ್ ಆಹೇ ಹೇ?" ಸಾವಿನ ವಿಚಾರಣೆಗೆ ಬಂದಿದ್ದ ಪೊಲೀಸ್ ಫೌಜದಾರ ಇದೇನೆಂದು ಮರಾಠಿಯಲ್ಲಿ ಕೇಳಿದ.

"ಇರವಿ ಸಾಹೇಬ್ರ, ರೆಕ್ಕಿ ಇರವಿ," ಎಂದರು ಅಣ್ಣಾಸಾಹೇಬರು. "ಇದು ಕಡದ್ರ ಯಾರರೆ ಸಾಯ್ತಾರೇನ್ರಿ? ಸಾತಪ್ಪ ಕುಡದು ಬಂದಿದ್ದ. ವಾಂತಿ ಗಂಟಲಾಗ ಸಿಕ್ಕತು."

"ಯಾರ ಕುಡದಿದ್ರು? ಕೊರಳಾಗ ಪಂಢರಪುರದ ತುಳಸಿ ಮಾಳ ಹಾಕ್ಕೊಂಡಾಂವ ಕುಡೀತಾನ?" ಫಕೀರವ್ವ ಎದ್ದು ನಿಂತಳು. "ಇರವಿ ರೆಕ್ಕಿ ಮುಟ್ಟಿದ್ರ ಉದರತಾವು. ಎಲ್ಲಿ, ಗಾಜ ಎತ್ತರಿ ಸಾವಕಾರ. ಉದರಸ್ರಿ, ನೋಡೂಣು."

ಅಣ್ಣಾಸಾಹೇಬರು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು. ಕಡಜ ಯಾವುದು, ಇರುವೆ ಯಾವುದು ಎಂದು ಆ ಅಂಗಳದಲ್ಲಿ ಅರಿಯದವರು ಯಾರೂ ಇರಲಿಲ್ಲ, ಫೌಜದಾರನೂ ಸೇರಿ. ಶೆಡ್ಡಿನ ಹಿಂದೆ ಮಾಲಕರೇ ಕೊಟ್ಟ ಖೋಲಿಗಳ ಬಾಗಿಲಲ್ಲಿ ಮಗ್ಗದವರ ಹೆಂಗಸರು ಸೆರಗು ಬಾಯಿಗಿಟ್ಟು ನಿಂತಿದ್ದರು.

ಮಾಲಕರು ಸಾತಪ್ಪನ ತಮ್ಮನನ್ನು ಕರೆದರು. ಅಣ್ಣ ಬಿದ್ದಾಗ ಪಕ್ಕದ ಮಗ್ಗದಲ್ಲಿ ಇದ್ದವನು ಅವನೇ.

"ಯಮನಪ್ಪಾ, ಕಡಜ ಅಂದ್ರ ಶೆಡ್ಡಿಗೆ ಕೀಲಿ. ಶೆಡ್ಡಿಗೆ ಬಿತ್ತಂದ್ರ ಖೋಲಿಗೋಳಿಗೂ ಕೀಲಿ. ನಿನ್ನ ಮಕ್ಕಳು, ಇಕಿ ಮಕ್ಕಳು, ಎಲ್ಲಾ ಬೀದ್ಯಾಗ. ಹಿಡಿ ಅದನ್ನ. ಕೈಯಾಗ ಹಿಡದ ಹೇಳ, ಏನೈತಿ ಅಂತ."

ಯಮನಪ್ಪ ಅತ್ತಿಗೆಯ ಮುಖ ನೋಡಲಿಲ್ಲ. ಲೋಟ ಓರೆ ಮಾಡಿ ಕೈ ಒಳಗೆ ಸರಿಸಿ ಮುಷ್ಟಿ ಹಿಡಿದ. ಹುಳ ಕಡಿಯಿತು. ಮತ್ತೆ ಕಡಿಯಿತು. ಅವನು ಮುಷ್ಟಿ ಬಿಚ್ಚಲಿಲ್ಲ. ಕಣ್ಣೀರು ಇಳಿದು ಮೀಸೆಯೊಳಗೆ ಸೇರಿತು.

"ಇರವಿರಿ," ಎಂದ. "ರೆಕ್ಕಿ ಇರವಿ."

ಫೌಜದಾರ ಬಾತುಕೊಳ್ಳುತ್ತಿದ್ದ ಆ ಕೈಯನ್ನು ಒಂದು ಗಳಿಗೆ ನೋಡಿ, ಟೋಪಿ ಸರಿಮಾಡಿಕೊಂಡ. ಇನ್ನು ಹೆಂಡತಿಯ ಮಾತೊಂದು ಆದರೆ ಆಯಿತು ಎಂಬಂತೆ ಅವಳ ಕಡೆ ಗದ್ದ ಎತ್ತಿದ.

"ಕೇಳಿದೆಲ್ಲ? ನಿನ್ನ ಮೈದುನಾನ ಹೇಳಿದ," ಎಂದರು ಅಣ್ಣಾಸಾಹೇಬರು. "ನೀನೂ ಇರವಿ ಅನ್ನು. ಕುಡದಿದ್ದ ಅನ್ನು. ಆಮ್ಯಾಲ ಹೆಣಾ ಒಯ್ಯಿ."

"ಅಂದ್‌ಬಿಡ ವೈನಿ," ಯಮನಪ್ಪ ನೆಲ ನೋಡುತ್ತ ಗೊಣಗಿದ. "ಅಣ್ಣ ಏನ್ ಹೊಳ್ಳಿ ಬರತಾನ?"

ಫಕೀರವ್ವ ಅವನ ಮುಷ್ಟಿಯನ್ನು ತನ್ನ ಕೈಗೆ ತೆಗೆದುಕೊಂಡಳು. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಜಜ್ಜಿದ ಹುಳ ಕಟ್ಟೆಯ ಮೇಲೆ ಬಿತ್ತು. ಕೆಂಪಗೆ ಉಬ್ಬಿದ ಅಂಗೈಯನ್ನು ಸೆರಗಿನಿಂದ ಒರೆಸಿದಳು.

"ಇಂವಗ ಎರಡ ಕೈ ಅದಾವು, ಒಂದ ಕೊಟ್ಟಾನ," ಎಂದಳು. "ನನಗ ಇರೂದು ಒಂದ ಬಾಯಿ, ಸಾವಕಾರ. ಕೊಡೂದಿಲ್ಲ."