ಎರಡನೇ ಗೇರು

“ಜಾತಕ ಕೂಡಿದಂಗ ಕೂಡೇತ್ರಿ, ರಾವ್‌ಸಾಹೇಬ್ರ!” ಕಾರಿನ ಅಡಿಯಿಂದ ಹೊರಳಿ ಎದ್ದುಬಂದ ಮೆಕ್ಯಾನಿಕ್ ಅಂಬಾದಾಸನ ಮುಖದಲ್ಲಿ ಮದುವೆ ಗೊತ್ತುಮಾಡಿದವನ ಗೆಲುವಿತ್ತು. “ಎಂಜಿನ್ ಹಳೇದು, ಗೇರ್‌ಬಾಕ್ಸ್ ಬ್ಯಾರೆ ಗಾಡೀದು. ಆದ್ರೂ ಬೋಲ್ಟು, ಕ್ಲಚ್ಚು, ಶಾಫ್ಟು ಎಲ್ಲಾ ಬರೋಬ್ಬರಿ ಬಂದಾವು.”

ದತ್ತಾತ್ರೇಯರ ಹಳೇ ಫಿಯಟ್ಟು ಮಳೆಗಾಲದಿಂದಲೂ ಸಿಕಂದರಾಬಾದಿನ ಅವನ ಶೆಡ್ಡಿನಲ್ಲಿ ನಿಂತೇ ಇತ್ತು. ಅದರ ಗೇರು ಸ್ಟೀರಿಂಗಿನ ಪಕ್ಕದಲ್ಲಿ. ಅಂಥ ಗೇರ್‌ಬಾಕ್ಸು ಈ ಕಾಲದಲ್ಲಿ ಎಲ್ಲಿಂದ ಬರಬೇಕು? ಗುಜರಿಯವರೆಲ್ಲ ಕೈಯೆತ್ತಿದ ಮೇಲೆ ಅಂಬಾದಾಸ ಇದನ್ನು ಹುಡುಕಿ ತಂದು ಕೂರಿಸಿದ್ದ. ಇದರ ಗೇರಿನ ಕಡ್ಡಿ ಮಾತ್ರ ನೆಲದಿಂದ ಮೇಲೆದ್ದಿತ್ತು.

“ಒಂದು ಸಣ್ಣ ಕಿರಿಕಿರಿ ಐತ್ರಿ. ಒಂದನೇ ಗೇರು ಬೀಳತೈತಿ. ಎರಡಕ್ಕ ಜಗ್ಗಿದ್ರ ಕಡ್ಡಿ ಬಂದು ಸೀಟಿಗೆ ಬಡೀತೈತಿ. ನಡುವ ಒಂದು ಗೇಣು ಸೀಟು ಕೊಯ್ದು ತಗದ್ರ ಆತು. ಹೆಂಗೂ ಅಲ್ಲಿ ಯಾರೂ...” ಅಂದವನು ನಾಲಿಗೆ ಕಚ್ಚಿಕೊಂಡ. ಎಂಜಿನ್ನು ಅಳೆದ, ಶಾಫ್ಟು ಅಳೆದ, ಅಲ್ಲಿ ಕೂಡುತ್ತಿದ್ದವಳನ್ನು ಮರೆತೇಬಿಟ್ಟಿದ್ದ, ಪುಣ್ಯಾತ್ಮ!

ಮುಂದಿನ ಉದ್ದನೆಯ ಸೀಟಿನ ಆ ನಡುಭಾಗ ದೀಪಾಲಿಯ ಜಾಗ. ಮೂವತ್ತು ದಾಟಿದರೂ ಮಗುವಿನ ಬುದ್ಧಿಯ ಒಬ್ಬಳೇ ಮಗಳು. ಅಪ್ಪ ಅವ್ವನ ನಡುವೆ ಕೂತು, ಸ್ಟೀರಿಂಗಿನ ಪಕ್ಕದ ಕಡ್ಡಿ ಹಿಡಿದು, “ಅಪ್ಪಾ, ಎರಡಕ್ಕ ಹಾಕ್ಲಿ?” ಎಂದು ಕೇಳುವಷ್ಟರಲ್ಲಿ ಹಾಕಿಯೇಬಿಡುತ್ತಿದ್ದಳು. ಆ ಹೊತ್ತಿಗೆ ಕ್ಲಚ್ ಒತ್ತುವುದು ಅಪ್ಪನ ಪಾಡು. ಎರಡನೇ ಗೇರಿನ ಹಲ್ಲು ಸವೆದದ್ದೇ ಅವಳಿಂದ. “ಅಪ್ಪ ಮಗಳು ಕೂಡಿ ಗಾಡಿ ಎಕ್ಕುಟ್ಟಿಸ್ತೀರಿ ನೋಡು” ಎಂದು ತಾಯಿ ಗೋದಾಬಾಯಿ ದಾರಿಯುದ್ದಕ್ಕೂ ಬೈಯುತ್ತಿದ್ದಳು. ಹೋದ ವರ್ಷ ಜ್ವರ ಬಂದದ್ದೇ ನೆಪ, ದೀಪಾಲಿ ತೀರಿಕೊಂಡಳು. ಆಮೇಲೂ ಗಂಡ ಹೆಂಡತಿ ಆ ಸೀಟಿನ ಎರಡು ತುದಿಗೇ ಕೂಡುತ್ತಿದ್ದರು.

ದತ್ತಾತ್ರೇಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಹೋದಾಕಿ ಹೋದಳು. ಕೊಯ್ದುಬಿಡಪಾ.”

ಅಂಬಾದಾಸ ಸೀಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಚಾಕು ತರಲು ಒಳಗೆ ಹೋದ. ಅಲ್ಲಿತನಕ ಶೆಡ್ಡಿನ ಬೆಂಚಿನ ಮೇಲೆ ಕೂತಿದ್ದ ಗೋದಾಬಾಯಿ ಎದ್ದಳು. ಕಾರಿನ ಬಾಗಿಲು ತೆಗೆದು, ಎಂದಿನಂತೆ ಈ ತುದಿಗೆ ಒತ್ತಿ, ನಡುವೆ ಜಾಗ ಬಿಟ್ಟು ಕೂತಳು.

“ನಡೀರಿ ಮನಿಗೆ.”

“ಎರಡನೇ ಗೇರು ಬೀಳಂಗಿಲ್ಲ, ಗೋದಾ.”

“ಬೀಳೋದು ಬ್ಯಾಡ.”

“ಹುಚ್ಚು ಹಿಡದೈತೇನು? ಎರಡಿಲ್ಲದ ಮೂರಕ್ಕ ಹೆಂಗ ಹೋಗೋದು? ಕುಷಾಯಿಗೂಡದ ಮನಿತನಕ ಒಂದರಾಗ ಹೋಗೋಣೇನು?”

“ಹೋಗೋಣು. ನನಗೇನು ಅವಸರಿಲ್ಲ. ಮನ್ಯಾಗ ಯಾರು ಕಾಯಾಕತ್ತಾರ?”

ದತ್ತಾತ್ರೇಯರು ಹೋಗಿ ಸ್ಟೀರಿಂಗ್ ಹಿಡಿದು ಕೂತರು. ಚಾಕು ಹಿಡಿದು ಬಂದ ಅಂಬಾದಾಸ, “ಎಂಜಿನ್ ಭಾಳ ಕಾಯತೈತ್ರಿ, ವೈನಿ” ಅಂದ.

“ಕಾದ್ರ ನಿಂತು ನಿಂತು ಹೋಗ್ತೀವಿ. ಸೀಟು ಮುಟ್ಟಬ್ಯಾಡ ನೀ.”

ಕಾರು ನರಳುತ್ತಾ ರಸ್ತೆಗಿಳಿಯಿತು. ಸ್ವಲ್ಪ ವೇಗ ಬಂತೋ ಇಲ್ಲವೋ, ದತ್ತಾತ್ರೇಯರ ಎಡಗೈ ಹಳೇ ರೂಢಿಯಿಂದ ಸ್ಟೀರಿಂಗಿನ ಪಕ್ಕಕ್ಕೆ ಹೋಯಿತು. ಅಲ್ಲಿ ಕಡ್ಡಿಯೂ ಇಲ್ಲ, ಅದನ್ನು ಹಿಡಿದ ಮಗಳ ಕೈಯೂ ಇಲ್ಲ. ಅವರಿಗೆ ಅಳು ತಡೆಯಲಾಗಲಿಲ್ಲ.

ಹಿಂದೆ ವಾಹನಗಳ ಸಾಲೇ ಬೆಳೆದಿತ್ತು, ಹಾರ್ನಿನ ಗದ್ದಲ ಕೇಳಲಾಗದು. ಕಡೆಗೊಬ್ಬ ಆಟೋದವನು ತಡೆಯಲಾರದೆ ಪಕ್ಕಕ್ಕೆ ಬಂದು, “ಕ್ಯಾ ಚಾಚಾ, ಸೆಕೆಂಡ್ ಗೇರ್ ಡಾಲೋ ನಾ!” ಎಂದು ಒದರಿದ.

ಗೋದಾಬಾಯಿ ಅವನ ಕಡೆ ತಿರುಗಿದಳು.

“ಬಚ್ಚಿ ಬೈಠೀ ಹೈ, ಭಾಯ್. ಆಹಿಸ್ತಾ ಜಾತೇ.”

ಮೆಲ್ಲಗೆ ಕರೆದೊಯ್ಯಬೇಕಾದ ಮಗು ಎಲ್ಲಿ ಕೂತಿದೆಯೆಂದು ಆಟೋದವನು ಬಗ್ಗಿ ಒಳಗೆ ನೋಡಿದ. ಅಳುತ್ತಾ ಕಾರು ನಡೆಸುವ ಮುದುಕ, ನಡುವೆ ಖಾಲಿ ಸೀಟು. ಆ ಹೆಂಗಸು ಅದರ ಮೇಲಿನ ಸೀಮೆಸುಣ್ಣದ ಗೆರೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.